ಊರಿನ, ಮನೆತನದ ಹಳೇ ಸಂಗತಿ ಹುಡುಕುವವರಿಗೆ

ಮೂಲ ಊರು ಯಾವುದು, ಅಜ್ಜನ ಅಜ್ಜ ಯಾರು ಅಂತ ಹುಡುಕ್ತಿರೋರಿಗೆ ಒಂದು ಸಲಹೆ. ದೊಡ್ಡ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಿ, ಪರಾಮರ್ಶನ ವಿಭಾಗದಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ ಇದೆಯಾ ಕೇಳಿ. ಬೆಂಗಳೂರಿನವರು ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದಲ್ಲಿರೋ ರಾಜ್ಯ ಕೇಂದ್ರ ಗ್ರಂಥಾಲಯದಿಂದಲೇ ಶುರು ಮಾಡಬಹುದು.

ಶಾಸನ ತಜ್ಞ ಬಿ.ಎಲ್. ರೈಸ್ 1886ರಿಂದ ಹೊರತಂದ ಶಾಸನಗಳ ಸಂಗ್ರಹ ಅದು. ಮೊದಲ ಸಂಪುಟಗಳಲ್ಲಿ ಕೊಡಗು, ಹಳೇ ಮೈಸೂರು ಸಂಸ್ಥಾನ ಮಾತ್ರ ಸಿಗುತ್ತೆ. ಒಂದು ಮಾತು ನೆನಪಿರಲಿ: ಜಿಲ್ಲೆಗಳ ಹೆಸರು ಆಗಿನ ಕಾಲದ್ದು. ಚಿಕ್ಕಮಗಳೂರಿನವರು ‘ಕಡೂರು ಜಿಲ್ಲೆ’ಯ 6ನೇ ಸಂಪುಟ ತೆಗೀಬೇಕು. ಇದು ತಿಳಿಯದೆ ನನಗೆ ಅರ್ಧ ದಿನ ಹೋಯ್ತು. ಒಳಗೆ ತಾಲ್ಲೂಕುವಾರು ನಂಬರ್ ಇರುತ್ತೆ. ಅಚ್ಚಾದ ಪ್ರತಿ ಶಾಸನದ ತಲೆಬರಹದಲ್ಲಿ ಕಲ್ಲು ಯಾವ ಊರಿನ ಯಾವ ಗುಡಿ ಮುಂದೆ, ಯಾವ ಹೊಲದಲ್ಲಿ ಇತ್ತು ಅಂತ ಬರೆದಿರ್ತಾರೆ. ಚಿಕ್ಕಂದಿನಲ್ಲಿ ಹತ್ತಿ ಕೂತ ವೀರಗಲ್ಲಿನ ಬರಹ ಕನ್ನಡ ಅಕ್ಷರದಲ್ಲೇ ಎದುರು ಬಂದಾಗ ಕಣ್ಣು ತುಂಬಿ ಬಂತು. ಹಾಳೆ ಮುಟ್ಟಿದ್ರೆ ಅಂಚು ಉದುರುತ್ತೆ, ದಯವಿಟ್ಟು ಬೆರಳು ಒದ್ದೆ ಮಾಡಿ ತಿರುಗಿಸಬೇಡಿ.

ಶಾಸನದಲ್ಲಿ ನಿಮ್ಮ ಮುತ್ತಜ್ಜನ ಹೆಸರು ಸಿಗೋದು ಅಪರೂಪ. ವಂಶದ ಹೆಸರಿಗೆ ಹೆಳವರೇ, ಅಂದ್ರೆ ಮನೆಮನೆಗೆ ಬಂದು ವಂಶಾವಳಿ ಹೇಳೋರೇ ಆಸರೆ. ನಿಮ್ಮ ಮನೆಗೆ ಹೆಳವರು ಬರೋ ವಾಡಿಕೆ ಇದ್ರೆ, ಅವರು ಹೊತ್ತಗೆ ಓದುವಾಗ ಮೂಲ ಊರು, ಬೆಡಗು (ಗೋತ್ರದ ಹಾಗೆ ಕುಲದೊಳಗಿನ ಗುಂಪಿನ ಹೆಸರು), ಮನೆದೇವರು ಬರೆದಿಟ್ಟುಕೊಳ್ಳಿ, ಅವರ ಒಪ್ಪಿಗೆ ಕೇಳಿ ಫೋನಿನಲ್ಲಿ ದನಿಯನ್ನೂ ಹಿಡಿದಿಡಿ. ಆ ಊರಿನ ಹೆಸರು ಕೈಯಲ್ಲಿದ್ರೆ ಗ್ರಂಥಾಲಯದಲ್ಲಿ ಜಿಲ್ಲಾ ಗೆಜೆಟಿಯರ್ (ಜಿಲ್ಲೆಯ ಚರಿತ್ರೆ, ಊರುಗಳ ವಿವರ ಇರೋ ಸರ್ಕಾರಿ ಪುಸ್ತಕ) ತೆಗೆದು ಹುಡುಕೋದು ಎಷ್ಟೋ ಸಲೀಸು.