ಹಟ ಅಲ್ಲ, ಕಿವಿ ಕೇಳಿಸುತ್ತಿರಲಿಲ್ಲ

ರಾಯಚೂರಿನಲ್ಲಿ ನಾನು ಕಿವಿ, ಮೂಗು, ಗಂಟಲಿನ ಡಾಕ್ಟರು. ಮಕ್ಕಳನ್ನು ಜಾಸ್ತಿ ಕರೆತರುವುದು ಕಿವಿ ನೋವಿಗೆ, ಇಲ್ಲಾ ಕಿವಿ ಸೋರುವುದಕ್ಕೆ. ಸಿಂಧನೂರು ಕಡೆಯ ಆ ಐದು ವರ್ಷದ ಹುಡುಗನಿಗೆ ಎರಡೂ ಇರಲಿಲ್ಲ. "ಎಷ್ಟ್ ಕರದ್ರೂ ಹೊಳ್ಳಿ ನೋಡಂಗಿಲ್ರಿ ಸರ್, ಭಾಳ ಹಟ" ಅಂದರು ತಾಯಿ. ಶಾಲೆಯಲ್ಲೂ ಅದೇ ದೂರು. ಟಿವಿಗೆ ಮಾತ್ರ ಮೂಗು ತಾಗುವಷ್ಟು ಹತ್ತಿರ ಕೂರುತ್ತಿದ್ದ.

ಬೆಳಕು ಬಿಟ್ಟು ನೋಡಿದೆ. ಮುತ್ತಿನ ಹಾಗೆ ಹೊಳೆಯಬೇಕಾದ ಕಿವಿ ತಮಟೆ ಮಬ್ಬಾಗಿ, ಹಳದಿಗಟ್ಟಿ, ಒಳಕ್ಕೆ ಸೆಳೆದುಕೊಂಡಿತ್ತು. ತಮಟೆ ಎಷ್ಟು ಅಲುಗುತ್ತದೆ ಅಂತ ಅಳೆಯುವ ಟಿಂಪನೋಗ್ರಾಮ್‌ನಲ್ಲಿ ಗುಡ್ಡದಂತೆ ಏಳಬೇಕಾದ ಗೆರೆ ಚಪ್ಪಟೆ. ತಮಟೆಯ ಹಿಂದೆ ನೀರು ನಿಂತಿತ್ತು. ಮೂಗಿನ ಹಿಂಬದಿಯಿಂದ ಕಿವಿಗೆ ಗಾಳಿ ಒಯ್ಯುವ ನಳಿಕೆ ಮಕ್ಕಳಲ್ಲಿ ಗಿಡ್ಡ, ಇಳಿಜಾರೂ ಕಡಿಮೆ. ನೆಗಡಿ ಬಂದರೆ ಊದಿಕೊಂಡು ಮುಚ್ಚಿಬಿಡುತ್ತದೆ, ಗಾಳಿ ಹೋಗದೆ ಒಳಗೆ ನೀರು ನಿಲ್ಲುತ್ತದೆ. ನೋವಿಲ್ಲ, ಜ್ವರವಿಲ್ಲ. ಕಿವಿಗೆ ಬೆರಳಿಟ್ಟುಕೊಂಡು ಮಾತು ಕೇಳಿದ ಹಾಗಾಗುತ್ತದೆ, ಅಷ್ಟೆ. ಅದಕ್ಕೇ ಇಂಥ ಮಕ್ಕಳು ಸುಮ್ನೆ ಏಟು ತಿನ್ನುತ್ತವೆ. ನನಗೆ ಸಂಕಟವಾಗುವುದು ಅಲ್ಲಿ.

ಅವತ್ತೇ ಆಪರೇಷನ್ ಅನ್ನಲಿಲ್ಲ. ಹೆಚ್ಚಿನ ಮಕ್ಕಳಲ್ಲಿ ಈ ನೀರು ತಾನಾಗಿಯೇ ಇಂಗುತ್ತದೆ, 3 ತಿಂಗಳು ಕಾಯಬೇಕು. ಆಂಟಿಬಯಾಟಿಕ್‌ನಿಂದ ಇದಕ್ಕೆ ಹೇಳಿಕೊಳ್ಳುವಂಥ ಲಾಭವಿಲ್ಲ. "ಮುಂದಿನ ಬೆಂಚಿನಾಗ ಕೂಡಿಸ್ರಿ, ಮುಖ ನೋಡಿ ಮಾತಾಡ್ರಿ" ಅಂತ ಹೇಳಿ ಕಳಿಸಿದೆ. ಮೂರು ತಿಂಗಳಾದರೂ ಗೆರೆ ಏಳಲಿಲ್ಲ. ಎರಡೂ ಕಿವಿಯಲ್ಲಿ ಕೇಳುವ ಶಕ್ತಿ 35 ಡೆಸಿಬಲ್ ಕೊರತೆ. ಗ್ರೊಮೆಟ್ ಹಾಕಲು ತೀರ್ಮಾನಿಸಿದೆ.

ಗ್ರೊಮೆಟ್ ಅಂದರೆ ತಮಟೆಯನ್ನು ಸೀಳಿ ಅದರಲ್ಲಿ ಕೂರಿಸುವ, ಅಕ್ಕಿ ಕಾಳಿಗಿಂತ ಚಿಕ್ಕ ನಳಿಕೆ. ಕೀವು ಹರಿದುಹೋಗಲು ಇಡುವುದು ಅಂತ ಜನ ಅಂದುಕೊಳ್ಳುತ್ತಾರೆ. ಅದರ ನಿಜವಾದ ಕೆಲಸ ಒಳಗೆ ಗಾಳಿ ಬಿಡುವುದು. ಕಾಲುವೆ ನೀರಿನ ಊರವರಿಗೆ ನಾನು ಹೇಳುವುದಿಷ್ಟೆ: ಹಳೇ ತೂಬು ಕಟ್ಟಿಕೊಂಡಿದೆ, ಸದ್ಯಕ್ಕೆ ಇನ್ನೊಂದು ತೂಬು.

ಪೂರ್ತಿ ಅರಿವಳಿಕೆ ಕೊಟ್ಟು, ಮೈಕ್ರೋಸ್ಕೋಪಿನಡಿ ತಮಟೆಯ ಕೆಳ-ಮುಂಭಾಗದಲ್ಲಿ ಸುಮಾರು 2 ಮಿಲಿಮೀಟರ್ ಸೀಳಿದೆ. ಹೀರುವ ಸಕ್ಷನ್ ನಳಿಕೆ ಹಿಡಿದರೆ ನೀರು ಬರಲಿಲ್ಲ, ಜಾಲಿ ಮರದ ಅಂಟಿನಂಥದ್ದು ಎಳೆ ಎಳೆಯಾಗಿ ಬಂತು. ಎರಡು ಸಲ ಸಕ್ಷನ್ ತುದಿಯೇ ಕಟ್ಟಿಕೊಂಡಿತು. ಇಷ್ಟನ್ನು ಕಿವಿಯಲ್ಲಿ ತುಂಬಿಕೊಂಡು ಆ ಹುಡುಗ ಅಆಇಈ ಕಲಿಯಬೇಕಿತ್ತು ಅಲ್ವಾ!

ತಪ್ಪಾಗಿದ್ದು ಆಮೇಲೆ, ನನ್ನಿಂದ. ಸ್ನಾನ ಮಾಡಿಸುವಾಗ ವ್ಯಾಸಲಿನ್ ಹಚ್ಚಿದ ಹತ್ತಿ ಇಡಿ, ಬಾವಿ ಕಾಲುವೆಗೆ ಇಳಿಸಬೇಡಿ ಅಂತ ತಂದೆ ತಾಯಿಗೆ ಹೇಳಿದ್ದೆ. ಎಣ್ಣೆಯ ಮಾತು ಎತ್ತಿರಲಿಲ್ಲ. ಒಂದು ತಿಂಗಳಿಗೆ ಅಜ್ಜಿ ಪ್ರೀತಿಯಿಂದ ಬೆಳ್ಳುಳ್ಳಿ ಎಣ್ಣೆ ಕಾಯಿಸಿ ಬಿಟ್ಟಿದ್ದರು. ಕಿವಿ ಸೋರಿತು. ಸಿಪ್ರೊಫ್ಲಾಕ್ಸಾಸಿನ್ ಡ್ರಾಪ್ಸ್‌ಗೆ ವಾಸಿಯಾಯಿತು, ಸದ್ಯ. ಈಗ ಆಪರೇಷನ್‌ಗೆ ಮೊದಲು ಅಜ್ಜಿಯನ್ನೂ ಕರೆಸಿ ಕೂಡಿಸಿಕೊಳ್ಳುತ್ತೇನೆ. ಮನೆಯಲ್ಲಿ ಉಳಿದ ಹಳೇ ಡ್ರಾಪ್ಸ್ ಕೂಡ ಬೇಡ ಅನ್ನುತ್ತೇನೆ. ನಳಿಕೆ ಇರುವಾಗ ಕೆಲವು ಔಷಧಿ ಒಳಕಿವಿಗೇ ಪೆಟ್ಟು ಕೊಡುತ್ತವೆ.

ಹತ್ತನೇ ತಿಂಗಳಿಗೆ ಬಂದಾಗ ಎರಡೂ ನಳಿಕೆ ತಾವಾಗಿಯೇ ಕಳಚಿ ಕಿವಿಯ ಗುಗ್ಗೆಯಲ್ಲಿ ಸಿಕ್ಕಿಕೊಂಡಿದ್ದವು. ತೂತು ಮುಚ್ಚಿತ್ತು, ಗೆರೆ ಗುಡ್ಡವಾಗಿ ಎದ್ದಿತ್ತು. ಚಿಮಟಿಗೆಯಲ್ಲಿ ತೆಗೆದು ತಾಯಿಯ ಅಂಗೈಗೆ ಹಾಕಿದೆ. ಅವರು ಅಭ್ಯಾಸದಂತೆ ಜೋರಾಗಿ ಮಗನನ್ನು ಕರೆದರು, "ಬಾರಪಾ, ನೋಡಿಲ್ಲಿ!"

"ಯಾಕ ಒದರ್ತೀಯವ್ವ, ಇಲ್ಲೇ ಅದೀನಲ್ಲ" ಅಂದ ಹುಡುಗ.