ವಂಶವೃಕ್ಷ ಬರೆಯುವುದು: ಅಜ್ಜಿಯ ನೆನಪಿನಿಂದ ಪಹಣಿಯ ಒಂಬತ್ತನೇ ಕಾಲಂವರೆಗೆ

ಮುತ್ತಜ್ಜನ ಹೆಸರು ಕೇಳಿದರೆ ಬಹುಪಾಲು ಜನ ಹೇಳುತ್ತಾರೆ. ಮುತ್ತಜ್ಜಿಯ ಹೆಸರೇನು, ಅವಳ ತವರು ಯಾವ ಊರು ಎಂದರೆ ತಡವರಿಸುತ್ತಾರೆ. ನಮ್ಮ ವಂಶವೃಕ್ಷಗಳು ಅರ್ಧಕ್ಕೇ ನಿಲ್ಲುವುದು ಇಲ್ಲೇ. ಗಂಡಸರ ಹೆಸರು ಜಮೀನಿನ ಕಾಗದದಲ್ಲಿ ಉಳಿದಿರುತ್ತದೆ, ಇಂದಲ್ಲ ನಾಳೆ ಸಿಗುತ್ತದೆ. ಹೆಂಗಸರ ಹೆಸರು ಉಳಿದಿರುವುದು ಹಿರಿಯರ ನೆನಪಿನಲ್ಲಿ ಮಾತ್ರ. ಆದ್ದರಿಂದ ತಾಲ್ಲೂಕು ಕಚೇರಿಗೆ ಆಮೇಲೆ ಹೋಗಿ, ಮೊದಲು ಮನೆತನದ ಅತಿ ಹಿರಿಯ ಹೆಣ್ಣುಮಗಳ ಬಳಿ ಕೂರಿ.

ಏನು ಕೇಳಬೇಕು, ಹೇಗೆ ಕೇಳಬೇಕು

ಸೊಸೆಯಾಗಿ ಬಂದವರಿಗೆ ಎರಡು ಮನೆತನದ ಲೆಕ್ಕ ಗೊತ್ತಿರುತ್ತದೆ. ಮದುವೆಯಾಗಿ ಹೋದ ಅತ್ತೆಯಂದಿರಿಗೆ ಅಣ್ಣತಮ್ಮಂದಿರು ಮರೆತದ್ದೂ ನೆನಪಿರುತ್ತದೆ. ಒಂದು ಸಲಕ್ಕೆ ಮುಕ್ಕಾಲು ಗಂಟೆ ಸಾಕು. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಜೊತೆಗೆ ಕೈಯಲ್ಲೂ ಬರೆದುಕೊಳ್ಳಿ.

"ಯಾವ ಇಸವಿ?" ಎಂದು ಕೇಳಬೇಡಿ, ಉತ್ತರ ಬರುವುದಿಲ್ಲ, ಬಂದರೂ ತಪ್ಪಿರುತ್ತದೆ. "ನೀವು ಈ ಮನೆಗೆ ಬಂದಾಗ ನಿಮ್ಮ ಅತ್ತೆಯ ಅತ್ತೆ ಇದ್ದರಾ?", "ದೊಡ್ಡಪ್ಪ ತೀರಿಕೊಂಡಾಗ ನಿಮ್ಮ ಎಷ್ಟನೇ ಮಗು ಹೊಟ್ಟೆಯಲ್ಲಿತ್ತು?", "ಗಾಂಧೀಜಿ ಹೋದ ಸುದ್ದಿ ಬಂದಾಗ ನಿಮಗೆ ಮದುವೆ ಆಗಿತ್ತಾ?" ಎಂದು ಕೇಳಿ. ಬಂದ ಉತ್ತರವನ್ನು ಗೊತ್ತಿರುವ ಇಸವಿಗಳಿಗೆ ಹೊಂದಿಸಿ: ಗಾಂಧೀಜಿ ಹತ್ಯೆ 1948ರ ಜನವರಿ, ಕರ್ನಾಟಕ ಒಂದಾದದ್ದು 1956ರ ನವೆಂಬರ್ 1, ಕಾವೇರಿಯ ಮಹಾಪೂರ 1924, ಇನ್‌ಫ್ಲುಯೆಂಜಾ 1918. ಧಾತು-ಈಶ್ವರ ಸಂವತ್ಸರಗಳ ಬರ ಎಂದು ಯಾರಾದರೂ ಹೇಳಿದರೆ ಅದು 1876-78ರದ್ದು.

ಜಾತಕದಲ್ಲೋ ಹಳೆಯ ಪತ್ರದಲ್ಲೋ ಸಂವತ್ಸರದ ಹೆಸರಷ್ಟೇ ಇದ್ದರೆ ಹೀಗೆ ಲೆಕ್ಕ ಹಾಕಿ: ಮತ್ತೆ ಮತ್ತೆ ಸುತ್ತುವ ಅರವತ್ತು ಸಂವತ್ಸರಗಳಲ್ಲಿ ಮೊದಲನೆಯದಾದ ಪ್ರಭವ 1987-88ರಲ್ಲಿ ಬಂತು, ಅದಕ್ಕೂ ಹಿಂದೆ 1927-28 ಮತ್ತು 1867-68ರಲ್ಲಿ. ರಕ್ತಾಕ್ಷಿ 58ನೆಯದು, ಅಂದರೆ 1924-25 ಅಥವಾ 1864-65. ಎರಡರಲ್ಲಿ ಯಾವುದು ಎಂಬುದನ್ನು ಮಕ್ಕಳ ವಯಸ್ಸು ನೋಡಿ ನಿರ್ಧರಿಸಬೇಕು. ಶಕ ವರ್ಷವಿದ್ದರೆ 78 ಕೂಡಿಸಿ, ಕಂದಾಯದ ಲೆಕ್ಕದ ಫಸಲಿ ವರ್ಷವಿದ್ದರೆ 590 ಕೂಡಿಸಿ.

ಪ್ರತಿಯೊಬ್ಬರಿಗೂ ಇಷ್ಟು ಬರೆದುಕೊಳ್ಳಿ: ಕಾಗದದ ಹೆಸರು, ಮನೆಯಲ್ಲಿ ಕರೆಯುವ ಹೆಸರು, ತವರೂರು, ಕೊಟ್ಟ ಊರು, ತೀರಿಕೊಂಡಾಗಿನ ವಯಸ್ಸು, ಕಾರಣ. ಕೆಲವು ಮನೆತನಗಳಲ್ಲಿ ಮದುವೆಯಲ್ಲಿ ಹೆಣ್ಣಿನ ಹೆಸರೇ ಬದಲಾಗುತ್ತಿತ್ತು, ಅಲ್ಲಿ ಎರಡೂ ಹೆಸರು ಬೇಕು. ಸಾವಿನ ಕಾರಣ ಬರೆಯಲು ಮುಜುಗರ ಬೇಡ. ತಂದೆಗೋ ಅಣ್ಣತಮ್ಮಂದಿರಿಗೋ 55ಕ್ಕೆ ಮೊದಲು, ತಾಯಿಗೋ ಅಕ್ಕತಂಗಿಯರಿಗೋ 65ಕ್ಕೆ ಮೊದಲು ಹೃದಯಾಘಾತವಾಗಿದ್ದರೆ ವೈದ್ಯರು ನಿಮ್ಮ ಅಪಾಯವನ್ನು ಬೇರೆ ರೀತಿಯಲ್ಲಿ ಲೆಕ್ಕ ಹಾಕುತ್ತಾರೆ.

ಟ್ರಂಕಿನ ತಳದಲ್ಲಿರುವ ಹಳೆಯ ಲಗ್ನಪತ್ರಿಕೆಗಳನ್ನು ಎಸೆಯಲು ಬಿಡಬೇಡಿ. ಎರಡೂ ಕಡೆಯ ಹಿರಿಯರ ಹೆಸರು, ಊರು, ತಾರೀಖು ಒಂದೇ ಹಾಳೆಯಲ್ಲಿ ಅಚ್ಚಾಗಿರುವ ಕಾಗದ ಬೇರೊಂದಿಲ್ಲ.

ಸಂಖ್ಯೆ ಕೊಡುವುದು

ಗೊತ್ತಿರುವ ಅತಿ ಹಿರಿಯರಿಗೆ 1. ಅವರ ಮಕ್ಕಳಿಗೆ ಹುಟ್ಟಿದ ಕ್ರಮದಲ್ಲಿ 1.1, 1.2, 1.3. ಎರಡನೆಯವರ ಮಕ್ಕಳು 1.2.1, 1.2.2. ಹೆಣ್ಣುಮಕ್ಕಳಿಗೂ ಇದೇ ಸಾಲಿನಲ್ಲಿ ಸಂಖ್ಯೆ ಕೊಡಿ, ಎಳೆಯದರಲ್ಲೇ ತೀರಿಕೊಂಡ ಮಕ್ಕಳಿಗೂ ಕೊಡಿ. ಇಬ್ಬರು ಹೆಂಡಿರಿದ್ದರೆ ಯಾವ ತಾಯಿಯ ಮಗು ಎಂಬುದನ್ನು ಪಕ್ಕದಲ್ಲೇ ಬರೆಯಿರಿ.

ನಮ್ಮಲ್ಲಿ ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವುದು ಸಾಮಾನ್ಯವಾದ್ದರಿಂದ ಒಬ್ಬರೇ ಎರಡು ಕೊಂಬೆಗಳಲ್ಲಿ ಬರುತ್ತಾರೆ. ಅವರಿಗೆ ಎರಡು ಸಂಖ್ಯೆ ಕೊಟ್ಟರೆ ಮುಂದೆಲ್ಲ ಗೋಜಲು. ಹುಟ್ಟಿದ ಮನೆಯ ಸಂಖ್ಯೆಯೊಂದನ್ನೇ ಇಟ್ಟುಕೊಂಡು, ಗಂಡನ ಮನೆಯ ಕಡೆ "1.3.2 ನೋಡಿ" ಎಂದು ಬರೆದರೆ ಸಾಕು. ಕಂಪ್ಯೂಟರಿನಲ್ಲಿ ಮಾಡುವವರಿಗೆ ಗ್ರಾಂಪ್ಸ್ ಎಂಬ ಉಚಿತ ತಂತ್ರಾಂಶ ಈ ತೊಡಕನ್ನು ಸರಿಯಾಗಿ ನಿಭಾಯಿಸುತ್ತದೆ.

ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಸಂತಾನದ ಕುಟುಂಬಗಳಲ್ಲಿ ಮರವನ್ನು ಮೂಲ ಸ್ತ್ರೀಯಿಂದ ಬರೆಯಬೇಕು. ಹೆಣ್ಣುಮಕ್ಕಳ ಮಕ್ಕಳು ಈ ಮನೆಯವರು, ಗಂಡುಮಕ್ಕಳ ಮಕ್ಕಳು ಅವರವರ ತಾಯಿಯ ಮನೆಯವರು. ಬರಿಯೂ, ಅಂದರೆ ಗೋತ್ರದಂಥ ಕುಲದ ಹೆಸರೂ, ತಾಯಿಯಿಂದಲೇ ಬರುತ್ತದೆ. ಕೊಡವರಲ್ಲಾದರೆ ಒಕ್ಕದ (ಮನೆತನದ) ಹೆಸರು ಹಿಡಿದು ಮೂಲ ಮನೆಯಾದ ಐನ್‌ಮನೆಯಲ್ಲಿ ವಿಚಾರಿಸಿ.

ಜಮೀನಿನ ಕಾಗದ

ಪಹಣಿಯನ್ನು, ಅಂದರೆ ಉತ್ತರ ಕರ್ನಾಟಕದ ಉತಾರವನ್ನು, ಇಂದಿನಿಂದ ಹಿಂದಕ್ಕೆ ಓದುತ್ತ ಹೋಗಬೇಕು. ಕಾಲಂ 9ರಲ್ಲಿ ಖಾತೆದಾರರ ಹೆಸರು, ಕಾಲಂ 10ರಲ್ಲಿ ಆ ಹೆಸರು ಹೇಗೆ ಬಂತು ಎಂಬುದು ಇರುತ್ತದೆ. ಉದಾಹರಣೆಗೆ ಸರ್ವೆ ನಂಬರ್ 42/2ರಲ್ಲಿ "ರಾಮೇಗೌಡ ಬಿನ್ ನಂಜೇಗೌಡ", ಪಕ್ಕದಲ್ಲಿ "ಎಂ.ಆರ್. 17/1978-79" ಎಂದಿದೆ ಎನ್ನಿ. ಎಂ.ಆರ್. ಎಂದರೆ ಮ್ಯುಟೇಷನ್ ರಿಜಿಸ್ಟರ್, ಖಾತೆ ಬದಲಾವಣೆಯ ದಾಖಲೆ. ಆ ಮ್ಯುಟೇಷನ್ ತೆಗೆಸಿದರೆ ನಂಜೇಗೌಡ ತೀರಿಕೊಂಡು ಖಾತೆ ವಾರಸುದಾರರ ಹೆಸರಿಗೆ ಬಂದದ್ದು (ಪೌತಿ ಖಾತೆ), ಆಗ ವಾರಸುದಾರರು ಯಾರ್‍ಯಾರಿದ್ದರು ಎಂಬುದು ತಿಳಿಯುತ್ತದೆ. 42/1 ಯಾರದ್ದು ಎಂದೂ ನೋಡಿ. ಒಂದು ನಂಬರ್ ಹಿಸ್ಸೆಗಳಾಗಿ ಒಡೆದಿದ್ದರೆ ಅಲ್ಲೊಂದು ಅಣ್ಣತಮ್ಮಂದಿರ ಪಾಲು ನಡೆದಿರುವ ಸಾಧ್ಯತೆ ಹೆಚ್ಚು. ಪಕ್ಕದ ಹಿಸ್ಸೆಯವರು ನಿಮಗೆ ಗೊತ್ತಿಲ್ಲದ ದಾಯಾದಿಗಳೂ ಇರಬಹುದು.

ಕಂಪ್ಯೂಟರ್ ಪಹಣಿ ಮತ್ತು ಆ ಮೇಲಿನ ಮ್ಯುಟೇಷನ್‌ಗಳು ಭೂಮಿ ವೆಬ್‌ಸೈಟಿನಲ್ಲೇ ಸಿಗುತ್ತವೆ. 2000ಕ್ಕೂ ಹಿಂದಿನ ಕೈಬರಹದ ಪಹಣಿ, ಇಂಡೆಕ್ಸ್ ಆಫ್ ಲ್ಯಾಂಡ್ಸ್, ರೆಕಾರ್ಡ್ ಆಫ್ ರೈಟ್ಸ್ ಬೇಕಾದರೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಕೊಟ್ಟು ದೃಢೀಕೃತ ನಕಲು ಪಡೆಯಬಹುದು. ಅರ್ಜಿಯಲ್ಲಿ "ಎಲ್ಲ ದಾಖಲೆ ಕೊಡಿ" ಎಂದರೆ ಅದು ಮೂಲೆ ಸೇರುತ್ತದೆ. ಗ್ರಾಮ, ಸರ್ವೆ ನಂಬರ್, ಎಂ.ಆರ್. ಸಂಖ್ಯೆ, ಯಾವ ವರ್ಷದಿಂದ ಯಾವ ವರ್ಷ ಎಂದು ಸ್ಪಷ್ಟವಾಗಿ ಬರೆಯಿರಿ. ಮ್ಯುಟೇಷನ್ ನಕಲಿನ ಜೊತೆ ಅದರ ಹಿಂದಿನ ಕಡತವನ್ನೂ ಕೇಳಿ, ವಾರಸುದಾರರ ಹೇಳಿಕೆ, ಮಹಜರು, ಕೆಲವೊಮ್ಮೆ ಕೈಯಲ್ಲಿ ಬರೆದ ವಂಶವೃಕ್ಷವೇ ಅದರಲ್ಲಿ ಇರುತ್ತದೆ.

ಹಳೆಯ ಕಾಗದದಲ್ಲಿ "ಬಿನ್" ಎಂದರೆ ಇಂಥವರ ಮಗ, "ಬಿಂತಿ" ಎಂದರೆ ಮಗಳು, "ಕೋಂ" ಎಂದರೆ ಹೆಂಡತಿ. ಉತ್ತರದ ಉತಾರಗಳಲ್ಲಿ "ಅ.ಪಾ.ಕ." ಕಂಡರೆ ಅಜ್ಞಾನ ಪಾಲನಕರ್ತ, ಅಂದರೆ ಆ ವರ್ಷ ಖಾತೆದಾರ ಇನ್ನೂ ಮೈನರ್, ತಂದೆ ಬೇಗ ಹೋಗಿರಬೇಕು. ಕಲ್ಯಾಣ ಕರ್ನಾಟಕದಲ್ಲಿ 1954-55ರ ಖಾಸ್ರಾ ಪಹಣಿ ದೊಡ್ಡ ಆಧಾರ, ಆದರೆ ಉರ್ದು ಓದುವವರ ನೆರವು ಬೇಕಾಗುತ್ತದೆ. ಹಿಂದೆ ಮುಂಬೈ ಕರ್ನಾಟಕವೆನ್ನುತ್ತಿದ್ದ ಕಿತ್ತೂರು ಕರ್ನಾಟಕದ ಹಳೆಯ ಕಾಗದ ಮರಾಠಿಯ ಹಳೆಯ ಕೂಡುಬರಹವಾದ ಮೋಡಿ ಲಿಪಿಯಲ್ಲಿ ಸಿಗಬಹುದು.

ಎಡವುವುದು ಬಹುತೇಕ ಈ ನಾಲ್ಕು ಕಡೆ. ಮೊಮ್ಮಗನಿಗೆ ತಾತನ ಹೆಸರಿಡುವ ಪದ್ಧತಿಯಿಂದ ಇಬ್ಬರು ನಂಜೇಗೌಡರು ಒಬ್ಬರಾಗಿಬಿಡುತ್ತಾರೆ. ಒಂದೇ ಹೆಸರು ತೊಂಬತ್ತು ವರ್ಷ ಖಾತೆಯಲ್ಲಿದ್ದರೆ ಅನುಮಾನಪಡಿ, ತಂದೆಯ ಹೆಸರು ಹೋಲಿಸಿ. ಎರಡನೆಯದು, ಖಾತೆ ಬದಲಾಯಿಸದೆ ಬಿಟ್ಟ ಮನೆಗಳೇ ಹೆಚ್ಚು, ಪಹಣಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಆ ವರ್ಷ ಅವರು ಬದುಕಿದ್ದರೆಂದು ಅರ್ಥವಲ್ಲ. ಮೂರನೆಯದು, ಒಟ್ಟು ಕುಟುಂಬದಲ್ಲಿ ಹಿರಿಯಣ್ಣನ ಹೆಸರೊಂದೇ ಖಾತೆಯಲ್ಲಿರುತ್ತದೆ, ತಮ್ಮಂದಿರು ಪಾರೀಖತ್ತು (ಪಾಲು ಪತ್ರ) ಆಗುವವರೆಗೂ ಕಾಣುವುದಿಲ್ಲ. ಹಾಗಾಗಿ ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಋಣಭಾರ ಪತ್ರ (ಇ.ಸಿ.) ತೆಗೆಸಿ, ವಿಭಾಗ ಪತ್ರ ನೋಂದಣಿಯಾಗಿದೆಯೇ ನೋಡಿ. ಕೊನೆಯದು, ಕಂಪ್ಯೂಟರಿಗೆ ಏರಿಸುವಾಗ ಆದ ಅಕ್ಷರ ದೋಷ. ಅನುಮಾನ ಬಂದಲ್ಲೆಲ್ಲ ಕೈಬರಹದ ಪ್ರತಿಯನ್ನೇ ನಂಬಿ.

ಜಮೀನಿಲ್ಲದ ಮನೆತನಗಳಿಗೆ ಕಾಗದವೇ ಇಲ್ಲವೆಂದು ಕೈಚೆಲ್ಲಬೇಡಿ. ತೋಟಿ, ತಳವಾರಿಕೆ, ನೀರುಗಂಟಿ ಕೆಲಸದ ಇನಾಂ ಜಮೀನುಗಳು 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಡಿ ಮರುಮಂಜೂರಾದವು, ಆ ಕಡತಗಳಲ್ಲಿ ವಂಶದ ವಿವರ ಸಿಗಬಹುದು. ಗೇಣಿದಾರರಾಗಿದ್ದವರು 1974ರ ಭೂಸುಧಾರಣೆ ತಿದ್ದುಪಡಿಯ ನಂತರ ಗೇಣಿ ಜಮೀನಿನ ಹಕ್ಕು ಕೋರಿ ಭೂನ್ಯಾಯ ಮಂಡಳಿಗೆ ಕೊಟ್ಟ ನಮೂನೆ 7ರ ಅರ್ಜಿ ಹುಡುಕಿಸಿ. ದರಖಾಸ್ತು (ಸರ್ಕಾರಿ ಜಮೀನು) ಮಂಜೂರಾತಿ, ಶಾಲೆಯ ದಾಖಲಾತಿ ರಿಜಿಸ್ಟರ್, ಹಳೆಯ ಮತದಾರರ ಪಟ್ಟಿ ಇವೂ ಉಪಯುಕ್ತ. ಶಾಲೆಯ ದಾಖಲೆಯಲ್ಲಿ ಹುಟ್ಟಿದ ದಿನ ಜೂನ್ 1 ಎಂದಿದ್ದರೆ ನಂಬಬೇಡಿ, ಅದು ಮೇಷ್ಟ್ರು ಬರೆದುಕೊಂಡದ್ದಿರಬಹುದು.

ಹೆಳವರು

ಸುಗ್ಗಿ ಮುಗಿದ ಮೇಲೆ ಎತ್ತಿನೊಂದಿಗೆ ಬಂದು ಮನೆತನದ ವಂಶಾವಳಿ ಹೇಳುವ ಹೆಳವರನ್ನು ದವಸ ಕೊಟ್ಟು ಬಾಗಿಲಲ್ಲೇ ಕಳಿಸಿಬಿಡುತ್ತೇವೆ. ಅವರಲ್ಲಿ ಪ್ರತಿ ಕುಟುಂಬಕ್ಕೂ ಗೊತ್ತಾದ ಮನೆತನಗಳಿರುತ್ತವೆ. ನಿಮ್ಮ ಮನೆತನಕ್ಕೆ ಬರುವವರು ಯಾವ ಊರಿನವರು ಎಂದು ಹಿರಿಯರನ್ನು ಕೇಳಿ, ಫೋನ್ ನಂಬರ್ ಪಡೆದು, ಅವರು ಒಪ್ಪಿದರೆ ಪೂರ್ತಿ ರೆಕಾರ್ಡ್ ಮಾಡಿ. ಮೂಲ ಊರು, ಅಲ್ಲಿಂದ ಎದ್ದು ಬಂದ ಕಾರಣ ಅವರ ಹೇಳಿಕೆಯಲ್ಲಿ ಸಿಗುತ್ತದೆ, ಅದನ್ನು ಮನೆದೇವರು ಇರುವ ಊರಿನೊಂದಿಗೆ ತಾಳೆ ನೋಡಿ. ಹೇಳುವುದು ಹೆಚ್ಚಾಗಿ ಗಂಡು ಸಂತತಿಯನ್ನೇ, ಹೆಣ್ಣುಮಕ್ಕಳನ್ನು ನೀವೇ ಸೇರಿಸಬೇಕು. ಅವರ ಸಂಭಾವನೆಯಲ್ಲಿ ಜಿಪುಣತನ ಬೇಡ.

ಸರ್ಕಾರಿ ವಂಶವೃಕ್ಷ ಬೇರೆ

ಪೌತಿ ಖಾತೆಗೆ, ಪರಿಹಾರಕ್ಕೆ ಕೇಳುವ ವಂಶವೃಕ್ಷ ದೃಢೀಕರಣ ಪತ್ರ ನಾಡಕಚೇರಿಯಿಂದ ಬರುವಂಥದ್ದು. ಮರಣ ಪ್ರಮಾಣಪತ್ರ, ಆಧಾರ್, ರೇಷನ್ ಕಾರ್ಡ್, ನೋಟರಿ ಮಾಡಿಸಿದ ಅಫಿಡವಿಟ್ ಹೊಂದಿಸಿಕೊಳ್ಳಿ. ಗ್ರಾಮ ಆಡಳಿತ ಅಧಿಕಾರಿ ಸ್ಥಳದಲ್ಲಿ ವಿಚಾರಿಸಿ ವರದಿ ಕೊಡುತ್ತಾರೆ. ಮರಣ ನೋಂದಣಿಯಾಗದೆ ಒಂದು ವರ್ಷ ದಾಟಿದ್ದರೆ ಮೊದಲು ಮ್ಯಾಜಿಸ್ಟ್ರೇಟ್ ಆದೇಶ ಬೇಕು, ಅದಕ್ಕೆ ಸಮಯ ಹಿಡಿಯುತ್ತದೆ.

"ಹೆಣ್ಣುಮಕ್ಕಳು ಮದುವೆಯಾಗಿ ಹೋದರು, ಹೆಸರು ಯಾಕೆ" ಎಂದು ಕೆಲವರು ಬಿಡಿಸುತ್ತಾರೆ. ಇದು ಅನ್ಯಾಯ, ಕಾನೂನಿನಲ್ಲೂ ನಿಲ್ಲುವುದಿಲ್ಲ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಕರ್ನಾಟಕ 1994ರಲ್ಲೇ ಹಕ್ಕು ಕೊಟ್ಟಿತು, 2005ರಲ್ಲಿ ಅದು ದೇಶಕ್ಕೆಲ್ಲ ಬಂತು. ಮಗಳು ತೀರಿಕೊಂಡಿದ್ದರೂ ಅವಳ ಹೆಸರು, ಅವಳ ಮಕ್ಕಳ ಹೆಸರು ಬರೆಯಬೇಕು. ಬಿಟ್ಟರೆ ದೃಢೀಕರಣ ಪತ್ರ ರದ್ದಾಗಬಹುದು, ಅದರ ಮೇಲೆ ಆದ ಖಾತೆಯೂ ಕೋರ್ಟಿನ ಮೆಟ್ಟಿಲೇರಬಹುದು. ಮನೆಯಲ್ಲಿ ಬರೆದ ಮರದಲ್ಲಿ ಎಲ್ಲರಿಗೂ ಮೊದಲೇ ಸಂಖ್ಯೆ ಕೊಟ್ಟಿದ್ದರೆ, ಅರ್ಜಿಯ ದಿನ ಅದನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಹೆಸರು ಗುರುತು ಹಾಕುತ್ತ ಬರೆಯಿರಿ.