ಬಿಸಿಲು, ನೀರು ಮತ್ತು ಸೋರುವ ಬಿರಡೆ

ಫ್ಲಾಸ್ಕಿನಲ್ಲಿ ಇದ್ದದ್ದು ನೋಡೋಕೆ ಥೇಟ್ ಸುಣ್ಣದ ನೀರು. ಗೋಡೆಗೆ ಹೊಡೆಯುವ ಬಿಳಿ ಪೇಂಟ್‌ನಲ್ಲಿ ಇರುತ್ತದಲ್ಲ, ಅದೇ ಟೈಟಾನಿಯಂ ಡೈಆಕ್ಸೈಡ್. ಒಂದೊಂದು ಕಣವೂ ಸುಮಾರು 20 ನ್ಯಾನೊಮೀಟರ್. ಅದನ್ನು ನೀರಿಗೆ ಹಾಕಿ ಬೆಳಕಿಗಿಟ್ಟರೆ ಹೈಡ್ರೋಜನ್ ಬರುತ್ತದೆ ಅಂತ ಓದಿಕೊಂಡು ಬೆಂಗಳೂರಿನ ಲ್ಯಾಬಿಗೆ ಪಿಎಚ್‌ಡಿ ಮಾಡಲು ಬಂದಿದ್ದೆ. 1972ರಲ್ಲಿ ಜಪಾನಿನ ಫುಜಿಶಿಮಾ ಮತ್ತು ಹೋಂಡಾ ಇದೇ ವಸ್ತುವಿನ ಎಲೆಕ್ಟ್ರೋಡ್ ಮೇಲೆ ಬೆಳಕು ಬಿಟ್ಟು ನೀರು ಒಡೆದು ತೋರಿಸಿದ್ದರು. ನನಗೇನು ಕಷ್ಟ ಅಂದುಕೊಂಡಿದ್ದೆ.

ಬೆಳಕು ಬಿದ್ದಾಗ ಕಣದೊಳಗೆ ಒಂದು ಎಲೆಕ್ಟ್ರಾನ್ ಮೇಲೇಳುತ್ತದೆ. ಅದು ಬಿಟ್ಟ ಜಾಗ ಖಾಲಿ ಉಳಿಯುತ್ತದೆ. ಎಲೆಕ್ಟ್ರಾನ್ ಹೈಡ್ರೋಜನ್ ಮಾಡಬೇಕು, ಖಾಲಿ ಜಾಗ ಆಕ್ಸಿಜನ್ ಮಾಡಬೇಕು. ಆದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಎರಡೂ ಮತ್ತೆ ಕೂಡಿಕೊಂಡು, ಬಂದ ಶಕ್ತಿಯೆಲ್ಲ ಬರೀ ಬಿಸಿಯಾಗಿ ಹೋಗುತ್ತದೆ. ಎಲೆಕ್ಟ್ರಾನನ್ನು ಬೇಗ ಹಿಡಿದುಕೊಳ್ಳಲಿ ಅಂತಲೇ ಕಣಗಳ ಮೇಲೆ ಪ್ಲಾಟಿನಂ ಕೂರಿಸುವುದು. ಕ್ಲೋರೊಪ್ಲಾಟಿನಿಕ್ ಆಸಿಡ್‌ನ ನಾಲ್ಕು ಹನಿ, ಸ್ವಲ್ಪ ಮೆಥನಾಲ್, ಮೇಲಿಂದ ಬೆಳಕು. ಅರ್ಧ ಗಂಟೆಯಲ್ಲಿ ಬಿಳಿ ಪುಡಿ ಬೂದು ಬಣ್ಣಕ್ಕೆ ತಿರುಗಿತು. ಈ ಕೆಲಸದಲ್ಲಿ ಕಣ್ಣಿಗೆ ಕಾಣುವ ಖುಷಿ ಅದೊಂದೇ.

50 ಮಿಲಿಗ್ರಾಂ ಪುಡಿ, 50 ಮಿಲಿಲೀಟರ್ ನೀರು, ಅದರಲ್ಲಿ ನೂರಕ್ಕೆ 10 ಪಾಲು ಮೆಥನಾಲ್. ಅರ್ಧ ಗಂಟೆ ಆರ್ಗಾನ್ ಹಾಯಿಸಿ ಒಳಗಿನ ಗಾಳಿ ಓಡಿಸಿ, ರಬ್ಬರ್ ಬಿರಡೆ ಬಿಗಿದು, 300 ವ್ಯಾಟ್ ಕ್ಸೆನಾನ್ ಲ್ಯಾಂಪ್ ಮುಂದೆ ಇಟ್ಟೆ. ಅರ್ಧ ಗಂಟೆಗೊಮ್ಮೆ ಬಿರಡೆಗೆ ಸೂಜಿ ಚುಚ್ಚಿ ಗ್ಯಾಸ್ ಎಳೆದು ಜಿಸಿಗೆ ಹಾಕುವುದು. ಜಿಸಿ ಅಂದರೆ ಗ್ಯಾಸ್ ಕ್ರೊಮಾಟೋಗ್ರಾಫ್; ಬೆರೆತ ಗ್ಯಾಸ್‌ಗಳನ್ನು ಬೇರೆ ಮಾಡಿ, ಒಂದೊಂದಕ್ಕೂ ಒಂದು ಪೀಕ್, ಅಂದರೆ ಗೆರೆಯ ಏರು, ಬರೆದು ತೋರಿಸುವ ಯಂತ್ರ. ಹೈಡ್ರೋಜನ್ ಪೀಕ್ ಬಂತು! ಗಂಟೆಗೆ ಸುಮಾರು 300 ಮೈಕ್ರೋಮೋಲ್. ಅಂದರೆ 7 ಮಿಲಿಲೀಟರ್ ಚಿಲ್ಲರೆ. ಸಂಜೆ ಮನೆಗೆ ಫೋನ್ ಮಾಡಿದೆ. "ಅದರಲ್ಲಿ ಗಾಡಿ ಓಡುತ್ತೇನೋ?" ಅಂತ ಅಮ್ಮ ಕೇಳಿದರು. ಒಂದು ಕೆಜಿ ಹೈಡ್ರೋಜನ್ ಅಂದರೆ 12 ಸಾವಿರ ಲೀಟರಿಗೂ ಜಾಸ್ತಿ ಅಂತ ಹೇಳಲು ಬಾಯಿ ಬರಲಿಲ್ಲ.

ಎರಡು ಗಂಟೆ ಆದಮೇಲೆ ಗ್ರಾಫಿನಲ್ಲಿ ಹೈಡ್ರೋಜನ್‌ನ ಗೆರೆ ಮಲಗಿಬಿಡುತ್ತಿತ್ತು. ಮರುದಿನವೂ ಅಷ್ಟೇ. ಕ್ಯಾಟಲಿಸ್ಟ್, ಅಂದರೆ ಕೆಲಸ ನಡೆಸುವ ಆ ಪುಡಿ, ಸತ್ತಿತು ಅಂದುಕೊಂಡು ಹೊಸ ಪುಡಿ ಮಾಡಿದೆ. ಪ್ಲಾಟಿನಂ ಹೆಚ್ಚು ಹಾಕಿದೆ, ಕಡಿಮೆ ಹಾಕಿದೆ. ಮೂರು ವಾರ ಹೋಯಿತು. ಒಂದು ದಿನ ಸೀನಿಯರ್ ಅಕ್ಕ ಬಂದು ನೋಡಿ, "ಬಿರಡೆ ಯಾವಾಗ ಬದಲಾಯಿಸಿದ್ದು?" ಅಂದರು. ಬದಲಾಯಿಸಿಯೇ ಇರಲಿಲ್ಲ! ಅದು ಜರಡಿ ಆಗಿಹೋಗಿತ್ತು. ಹೈಡ್ರೋಜನ್‌ಗಿಂತ ಚಿಕ್ಕ ಅಣು ಇನ್ನೊಂದಿಲ್ಲ, ಸೂಜಿಯ ತೂತು ಅದಕ್ಕೆ ಹೆಬ್ಬಾಗಿಲು. ಹೊಸ ಬಿರಡೆ ಹಾಕಿದ ದಿನ ಗೆರೆ ಸಂಜೆತನಕ ನೇರವಾಗಿ ಏರಿತು.

ಆಮೇಲೆ ಟೆರೇಸಿಗೆ ಒಯ್ದೆ. ಸೂರ್ಯನ ಬೆಳಕು ಅಂತ ಎಲ್ಲ ಕಡೆ ಬರೆಯುತ್ತೇವೆ, ಆದರೆ ಅಲ್ಲಿವರೆಗೆ ನನ್ನ ಫ್ಲಾಸ್ಕು ಸೂರ್ಯನನ್ನೇ ನೋಡಿರಲಿಲ್ಲ. ಮಾರ್ಚ್ ತಿಂಗಳ ಮಧ್ಯಾಹ್ನ, ತಲೆ ಸುಡುವ ಬಿಸಿಲು. ಗಂಟೆಗೆ 60 ಮೈಕ್ರೋಮೋಲ್ ಬಂತು, ಒಂದೂವರೆ ಮಿಲಿಲೀಟರ್. ಕಾರಣ ಗೊತ್ತಿದ್ದದ್ದೇ. ಈ ಪುಡಿಗೆ 388 ನ್ಯಾನೊಮೀಟರ್‌ಗಿಂತ ಕಿರಿದಾದ ಅಲೆಯ ಬೆಳಕೇ ಬೇಕು, ಅಂದರೆ ಅತಿನೇರಳೆ. ಬಿಸಿಲಿನಲ್ಲಿ ಅದು ನೂರಕ್ಕೆ 4–5 ಪಾಲು ಅಷ್ಟೇ. ಗೊತ್ತಿದ್ದರೂ ಬೇಜಾರಾಯಿತು.

ಹಳದಿ ಬಣ್ಣದ ಕ್ಯಾಡ್ಮಿಯಂ ಸಲ್ಫೈಡ್ ಕಣ್ಣಿಗೆ ಕಾಣುವ ಬೆಳಕನ್ನೂ ಹೀರುತ್ತದೆ. ಅದನ್ನೂ ಮಾಡಿ ನೋಡಿದೆ. ಆದರೆ ಬೆಳಕಿನಲ್ಲಿ ಅದು ತನ್ನನ್ನೇ ತಿಂದುಕೊಳ್ಳುತ್ತದೆ. ತಡೆಯಲು ಸೋಡಿಯಂ ಸಲ್ಫೈಡ್ ಹಾಕಬೇಕು. ಲ್ಯಾಬ್ ತುಂಬ ಕೊಳೆತ ಮೊಟ್ಟೆ ವಾಸನೆ. ಮೇಲಾಗಿ ಕ್ಯಾಡ್ಮಿಯಂ ವಿಷ, ಒಂದು ಹನಿಯನ್ನೂ ಸಿಂಕಿಗೆ ಚೆಲ್ಲುವಂತಿಲ್ಲ. ಕೈಬಿಟ್ಟೆ.

ನಿದ್ದೆಗೆಡಿಸಿದ್ದು ಮಾತ್ರ ಮೆಥನಾಲ್. ಖಾಲಿ ಜಾಗಗಳನ್ನು ತುಂಬಿಕೊಡಲು ಅದನ್ನು ಬಲಿ ಕೊಡುತ್ತೇವೆ. ಅದು ಉರಿದು ಹೋಗುತ್ತಾ ತಾನೂ ಹೈಡ್ರೋಜನ್ ಬಿಡುತ್ತದೆ. ಹಾಗಾದರೆ ನಾನು ಒಡೆಯುತ್ತಿದ್ದದ್ದು ನೀರನ್ನೋ, ಮೆಥನಾಲನ್ನೋ? ಬರೀ ನೀರಿನಲ್ಲಿ ಅದೇ ಪುಡಿ ಹಾಕಿ ನೋಡಿದೆ. ಪೀಕ್ ಇದೆಯೋ ಇಲ್ಲವೋ ಅನ್ನುವಷ್ಟು. ಆಕ್ಸಿಜನ್ ಸುದ್ದಿಯೇ ಇಲ್ಲ. ಹೈಡ್ರೋಜನ್ ಮಾಡಿಕೊಡುವ ಪ್ಲಾಟಿನಂ, ಅಲ್ಪಸ್ವಲ್ಪ ಆಕ್ಸಿಜನ್ ಸಿಕ್ಕಿದರೂ ಸಾಕು, ಎರಡನ್ನೂ ಸೇರಿಸಿ ಮತ್ತೆ ನೀರು ಮಾಡಿಬಿಡುತ್ತದೆ. ಹೊಲ ಕಾಯಬೇಕಾದ ಬೇಲಿಯೇ ಹೊಲ ಮೇಯ್ದ ಹಾಗೆ, ಅಲ್ವಾ?

ಟೋಕಿಯೊ ವಿಶ್ವವಿದ್ಯಾಲಯದ ಕಜುನಾರಿ ಡೊಮೆನ್ ಗುಂಪು ಇದಕ್ಕೆ ದಾರಿ ಕಂಡುಕೊಂಡಿದೆ. ಪ್ಲಾಟಿನಂ ಜಾಗದಲ್ಲಿ ರೋಡಿಯಂ ಕಣಗಳು, ಅವುಗಳ ಮೇಲೆ ಕ್ರೋಮಿಯಂ ಆಕ್ಸೈಡ್‌ನ ತೆಳು ಪೊರೆ. ಹೈಡ್ರೋಜನ್ ಹೊರಗೆ ಬರುತ್ತದೆ, ಆಕ್ಸಿಜನ್ ಒಳಗೆ ಹೋಗಲಾರದು. ಕೆಳಗೆ ಬೆಳಕು ಹೀರುವ ಕಣಗಳು ಅಲ್ಯೂಮಿನಿಯಂ ಬೆರೆಸಿದ ಸ್ಟ್ರಾಂಷಿಯಂ ಟೈಟನೇಟ್‌ನವು. ಇಂಥ ಪುಡಿಯ ಪ್ಯಾನೆಲ್‌ಗಳನ್ನು 100 ಚದರ ಮೀಟರ್ ಹರಡಿ, ನಿಜವಾದ ಬಿಸಿಲಿನಲ್ಲಿ, ಮೆಥನಾಲ್ ಇಲ್ಲದೆ ಹೈಡ್ರೋಜನ್ ತೆಗೆದು 2021ರಲ್ಲಿ ವರದಿ ಮಾಡಿದರು. ಬಿಸಿಲಿನ ಶಕ್ತಿಯಲ್ಲಿ ಹೈಡ್ರೋಜನ್ ಆಗಿದ್ದು ಹೆಚ್ಚೆಂದರೆ ನೂರಕ್ಕೆ 0.76. ಇಷ್ಟೇನಾ ಅಂತ ಕೆಲವರು ನಗುತ್ತಾರೆ. ಬರೀ ನೀರಿನಲ್ಲಿ ಒದ್ದಾಡಿದವನಿಗೆ ಅದು ಸಣ್ಣ ಸಂಖ್ಯೆ ಅಲ್ಲ.

ಈಗ ನಾನೂ ಅದೇ ಪುಡಿ ಮಾಡುತ್ತಿದ್ದೇನೆ. ಸ್ಟ್ರಾಂಷಿಯಂ ಕ್ಲೋರೈಡ್ ಉಪ್ಪಿನ ಜೊತೆ ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಮೂಸೆಯಲ್ಲಿಟ್ಟು, ಸಾವಿರ ಡಿಗ್ರಿಗೂ ಮೇಲೆ ಹತ್ತು ಗಂಟೆ. ತಮಾಷೆ ಏನೆಂದರೆ, ಬೇಕಾದ ಅಲ್ಯೂಮಿನಿಯಂನಲ್ಲಿ ಒಂದಿಷ್ಟು ಮೂಸೆಯಿಂದಲೇ ಕರಗಿ ಬರುತ್ತದೆ.

ಮೆಥನಾಲ್ ಬಾಟಲಿ ಕಪಾಟು ಸೇರಿದೆ. ಜಿಸಿಯಲ್ಲಿ ಈಗ ಎರಡು ಪೀಕ್ ಬರುತ್ತವೆ. ಎರಡು ಪಾಲು ಹೈಡ್ರೋಜನ್‌ಗೆ ಒಂದು ಪಾಲು ಆಕ್ಸಿಜನ್ ಬಂದರೆ ಒಡೆದದ್ದು ನೀರೇ. ನನಗೆ ಹೋದ ವಾರ ಒಂದು ಪಾಲು ಆಕ್ಸಿಜನ್‌ಗೆ 2.6 ಪಾಲು ಹೈಡ್ರೋಜನ್ ಬಂತು. ಆಕ್ಸಿಜನ್ ಹೊರಗಿನ ಗಾಳಿಯದ್ದಾದರೆ ಜೊತೆಗೆ ನೈಟ್ರೋಜನ್ ಪೀಕೂ ಏಳುತ್ತದೆ, ಹಾಗಾಗಿ ಮೊದಲು ಅತ್ತ ನೋಡುತ್ತೇನೆ. ಬಿರಡೆ ಮಾತ್ರ ದಿನಾ ಹೊಸದು.